ಮೂರು ಸುತ್ತು ಕಳೆದದ್ದು ಯಾರಿಗಾಗಿ?



2023ನೇ ಇಸವಿ ಸೆಪ್ಟೆಂಬರ್ 24, ಭಾನುವಾರ. ಉತ್ತರ ಪ್ರದೇಶದ ಗ್ರೇಟರ್ ನೋಯ್ಡಾದ ಬುದ್ಧ ಅಂತರರಾಷ್ಟ್ರೀಯ ಸರ್ಕ್ಯೂಟ್‌ನಲ್ಲಿ ಮೋಟೋಜಿಪಿ ಎಂಬ ವಿಶ್ವ ಚಾಂಪಿಯನ್ ಪದವಿಯ ಮೋಟಾರ್ ಸೈಕಲ್ ಪಂದ್ಯ ನಡೆಯಿತು. ಈ ಪಂದ್ಯ ನಮ್ಮ ದೇಶಕ್ಕೆ ಬಂದದ್ದು ಅದೇ ಮೊದಲು. ಗೊತ್ತು ಮಾಡಿದ್ದುದು 24 ಸುತ್ತು. ಓಡಿದ್ದು 21 ಸುತ್ತು. ಉಳಿದ ಮೂರು ಸುತ್ತು ಎಲ್ಲಿ ಹೋಯಿತು? ಸೆಕೆ ವಿಪರೀತವಾಗಿದೆ, ಸವಾರರ ದೇಹ ತಡೆಯಲಾರದು ಎಂದು ಪಂದ್ಯ ನಡೆಸುವವರೇ ಅದನ್ನು ಕಳೆದರು.

ಅದೇ ಭಾನುವಾರ, ಅದೇ ಮಧ್ಯಾಹ್ನ, ಅದೇ ರಾಜ್ಯದ ವಾರಾಣಸಿಯ ಕಂಟೋನ್ಮೆಂಟಿನ ಒಂದು ಹೋಟೆಲಿನ ಅಡಿಗೆಮನೆಯಲ್ಲಿ ನಾವು ನಿಂತಿದ್ದೆವು. ಅಲ್ಲಿಯೂ ಸೆಕೆ ವಿಪರೀತವಾಗಿತ್ತು. ಅಲ್ಲಿಯೂ ಮನುಷ್ಯರ ದೇಹ ತಡೆಯಲಾರದೆ ಹೋಯಿತು. ಆದರೆ ಅಲ್ಲಿ ಯಾರೂ ಯಾರ ಕೆಲಸದಿಂದಲೂ ಮೂರು ನಿಮಿಷ ಸಹ ಕಳೆಯಲಿಲ್ಲ. ಈ ಎರಡು ಸಂಗತಿಗಳನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಬೇಕೆಂದೇ ಈ ಲೇಖನವನ್ನು ಬರೆಯುತ್ತಿದ್ದೇವೆ.

"ಕಾರ್ಮಿಕರ ಪತ್ರಿಕೆಯಲ್ಲಿ ಶ್ರೀಮಂತರ ಮೋಟಾರ್ ಸೈಕಲ್ ಆಟದ ಮಾತೇಕೆ?" ಎಂದು ಕೆಲವರು ಕೇಳಬಹುದು. ಕೇಳಲಿ. ನಮ್ಮ ಹುಡುಗರು ರಾತ್ರಿ ಹೋಟೆಲಿನ ಬಾಗಿಲು ಹಾಕಿದ ಮೇಲೆ, ಚಾಪೆಯ ಮೇಲೆ ಬಿದ್ದುಕೊಂಡು, ಮೊಬೈಲಿನಲ್ಲಿ ನೋಡುವುದು ಇದನ್ನೇ. ಯಾವ ಸವಾರ ಯಾವ ತಿರುವಿನಲ್ಲಿ ಬಿದ್ದ, ಯಾರಿಗೆ ಎಷ್ಟು ಅಂಕ, ಇವೆಲ್ಲ ಅವರಿಗೆ ಬಾಯಿಪಾಠ. ಆ ಸವಾರರು ತಮ್ಮ ಹಕ್ಕಿಗಾಗಿ ಏನೇನು ಮಾಡಿದರೆಂಬುದನ್ನು ಮಾತ್ರ ಅವರಿಗೆ ಯಾರೂ ಹೇಳಿಲ್ಲ. ಅದನ್ನು ಹೇಳುವುದು ನಮ್ಮ ಕೆಲಸ.

ಮೊದಲು ಕಂಟೋನ್ಮೆಂಟಿನ ಕಥೆ ಕೇಳಿ. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು, ಲಾಲ್‌ಬಾಗಿನ ಗಿರಣಿಯಲ್ಲಿ ದುಡಿದು 1982ರ ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರು, ತೀರಿಕೊಂಡಿದ್ದರು. ಅವರ ಅಸ್ಥಿಯನ್ನು ಗಂಗೆಗೆ ಬಿಡಲು ಅವರ ಮಗನ ಜೊತೆಯಲ್ಲಿ ನಾವೂ ಕಾಶಿಗೆ ಹೋಗಿದ್ದೆವು. ಕೆಲಸ ಮುಗಿಯಿತು. ಊರಿನ ಮೂವರು ಹುಡುಗರು ಕಂಟೋನ್ಮೆಂಟಿನ ಹೋಟೆಲೊಂದರಲ್ಲಿದ್ದಾರೆಂದು ತಿಳಿದು, ಕಂಡು ಬರೋಣವೆಂದು ಹೊರಟೆವು. ವಾರಾಣಸಿಯ ದೊಡ್ಡ ರೈಲು ನಿಲ್ದಾಣವನ್ನು ಜನ ಈಗಲೂ 'ಕ್ಯಾಂಟ್' ಎಂದೇ ಕರೆಯುತ್ತಾರೆ. ಅದನ್ನು ದಾಟಿ ಆಚೆಗೆ ಹೋದರೆ ಬೇರೆಯೇ ಊರು. ಗಂಗೆಯ ಬದಿಯ ಗಲ್ಲಿಗಳ ಇಕ್ಕಟ್ಟು ಇಲ್ಲ. ಅಗಲವಾದ ರಸ್ತೆ, ದೊಡ್ಡ ಮರ, ಹಳೆಯ ಬಂಗಲೆ, ಸಾಲು ಸಾಲಾಗಿ ಹೋಟೆಲು. ಬ್ರಿಟಿಷರ ಕಾಲದಲ್ಲಿ ಗೋರಾ ಪಲ್ಟನ್ನು ಇದ್ದ ಜಾಗ. ಈಗ ಪ್ರವಾಸಿಗಳು ಇಳಿಯುವ ಜಾಗ.

ಹಿಂದಿನ ದಿನವಷ್ಟೇ, 23ರಂದು, ಊರ ಹೊರಗೆ ಅಂತರರಾಷ್ಟ್ರೀಯ ಕ್ರಿಕೆಟ್ ಕ್ರೀಡಾಂಗಣಕ್ಕೆ ಪ್ರಧಾನಿಗಳು ಶಂಕುಸ್ಥಾಪನೆ ಮಾಡಿದ್ದರು. ನಾವು ಹೋದ ಹೋಟೆಲಿನಲ್ಲಿ ಒಂದು ಕೋಣೆಯೂ ಖಾಲಿ ಇರಲಿಲ್ಲ. ಹುಡುಗರು ಎರಡು ದಿನದಿಂದ ಡಬ್ಬಲ್ ಡ್ಯೂಟಿ ಮಾಡುತ್ತಿದ್ದರು. ಮುಂದಿನ ಹಾಲಿನಲ್ಲಿ ತಣ್ಣನೆಯ ಗಾಳಿ, ಗೋಡೆಯಗಲದ ಟೀವಿ, ಅದರಲ್ಲಿ ಮೋಟಾರ್ ಸೈಕಲ್ ಪಂದ್ಯ. ಹಿಂದಿನ ಬಾಗಿಲಿನಿಂದ ಅಡಿಗೆಮನೆಗೆ ಕಾಲಿಟ್ಟರೆ ಮುಖಕ್ಕೆ ಬಡಿದ ಶಾಖಕ್ಕೆ ನಾವೇ ಒಂದು ಹೆಜ್ಜೆ ಹಿಂದೆ ಸರಿದೆವು. ಹನ್ನೆರಡು ವರ್ಷ ಒಲೆಯ ಮುಂದೆ ನಿಂತವರು ನಾವು. ನಾವೇ ಸರಿದೆವೆಂದರೆ ಬಲ್ಲವರು ಅರ್ಥ ಮಾಡಿಕೊಳ್ಳಬಹುದು. ಒಂದು ಕಡೆ ತಂದೂರ್ ಭಟ್ಟಿ, ಒಂದು ಕಡೆ ದೋಸೆಯ ಕಾವಲಿ, ನಡುವೆ ಎಣ್ಣೆಯ ಬಾಣಲೆ. ಹೊಗೆ ಎಳೆಯುವ ಫ್ಯಾನು ಕೆಟ್ಟು ಎಷ್ಟು ದಿನವಾಯಿತೆಂದು ಕೇಳಿದರೆ, ಯಾವ ಹಬ್ಬದಿಂದ ಲೆಕ್ಕ ಹಾಕಬೇಕೆಂದು ಅವರವರಲ್ಲೇ ವಾದವಾಯಿತು.

ಕಾವಲಿಯ ಮುಂದೆ ಬೈಂದೂರು ಕಡೆಯ ಹುಡುಗ. ನಮ್ಮನ್ನು ಕಂಡು ನಕ್ಕ. "ಕಾಶಿಗ್ ಬಂದ್ರೂ ಕಾವ್ಲಿ ತಪ್ಲಿಲ್ಲ ಕಾಣಿ ಅಣ್ಣ" ಎಂದ. ಅಕ್ಕಿಯ ಡಬ್ಬದ ಮೇಲೆ ಒಂದು ಮೊಬೈಲನ್ನು ಒರಗಿಸಿಟ್ಟಿದ್ದರು. ಒಬ್ಬೊಬ್ಬರು ಕತ್ತು ಹೊರಳಿಸಿ ಪಂದ್ಯ ನೋಡುವುದು, ಮತ್ತೆ ಕೆಲಸಕ್ಕೆ ತಿರುಗುವುದು. ಸೆಕೆಗೆ ಮೂರು ಸುತ್ತು ಕಳೆದ ಸುದ್ದಿಯನ್ನು ನಮಗೆ ಹೇಳಿದವನೂ ಆ ಹುಡುಗನೇ.

ಪಂದ್ಯ ಮುಗಿಯಿತು. ಇಟಲಿಯ ಮಾರ್ಕೊ ಬೆಜೆಕ್ಕಿ ಗೆದ್ದ. ಸ್ಪೇನಿನ ಹೋರ್ಹೆ ಮಾರ್ಟಿನ್ ಎರಡನೆಯವ, ಫ್ರಾನ್ಸಿನ ಫ್ಯಾಬಿಯೊ ಕ್ವಾರ್ಟರಾರೊ ಮೂರನೆಯವ. ಗಾಡಿಯಿಂದ ಇಳಿದ ಮಾರ್ಟಿನ್ ನಿಲ್ಲಲಾರದೆ ಕುಸಿದ. ದೇಹದ ನೀರೆಲ್ಲ ಬೆವರಾಗಿ ಹೋಗಿತ್ತು. ಸುತ್ತ ಜನ ಓಡಿ ಬಂದರು, ನೀರು ಕೊಟ್ಟರು, ವೈದ್ಯರು ನೋಡಿದರು. ನ್ಯಾಯವೇ, ಹಾಗೆಯೇ ಆಗಬೇಕು. ಅವನ ಮೇಲೆ ನಮಗೆ ಹೊಟ್ಟೆಯುರಿ ಇಲ್ಲ.

ಅದಾಗಿ ಒಂದು ಗಂಟೆಯೊಳಗೆ ತಂದೂರ್ ಭಟ್ಟಿಯ ಮುಂದಿದ್ದ ಹುಡುಗ, ಹತ್ತೊಂಬತ್ತು ವರ್ಷದವನು, ಗೋಡೆ ಹಿಡಿದು ಹಾಗೆಯೇ ಕೆಳಗೆ ಜಾರಿದ. ಮಾರ್ಟಿನ್‌ನಿಗೆ ಆದದ್ದೇ ಇವನಿಗೂ ಆದದ್ದು. ಮೇಲ್ವಿಚಾರಕ ಬಂದು ನೋಡಿದ. ಮುಖಕ್ಕೆ ನೀರು ಹಾಕಿಕೊಂಡು ಬೇಗ ಎದ್ದು ಬಾ, ಹಾಲಿನವರು ರೊಟ್ಟಿ ಕೇಳುತ್ತಿದ್ದಾರೆ ಎಂದು ಹೇಳಿ ಹೋದ. ಹುಡುಗ ಎದ್ದ. ಮುಖ ತೊಳೆದ. ಭಟ್ಟಿಯ ಮುಂದೆ ಹೋಗಿ ನಿಂತ. ನಾವು ಆ ಮೇಲ್ವಿಚಾರಕನನ್ನು ಹಿಂಬಾಲಿಸಿ ಹೋಗಿ ಮಾತನಾಡಿದೆವು. ಅವನು ಕೋಪಿಸಿಕೊಳ್ಳಲಿಲ್ಲ. "ನೀವೂ ಹೋಟೆಲಿನವರೇ ಅಲ್ಲವೇ, ಒಲೆಯ ಮುಂದೆ ಬೆವರದೆ ಇನ್ನೆಲ್ಲಿ ಬೆವರುತ್ತಾರೆ?" ಎಂದು ಹಿಂದಿಯಲ್ಲಿ ಕೇಳಿ, ನಮ್ಮ ಹೆಗಲ ಮೇಲೆ ಕೈಯಿಟ್ಟ. ಆ ಕೈಯ ಭಾರ ಇನ್ನೂ ಇಳಿದಿಲ್ಲ. ಯಾಕೆಂದರೆ ನಾವು ಕೆಲಸದಲ್ಲಿದ್ದಾಗ, ಹೊಸದಾಗಿ ಬಂದ ಹುಡುಗರಿಗೆ ನಾವೂ ಅದೇ ಮಾತನ್ನು ಹೇಳಿದ್ದುಂಟು.

ಬಂಧುಗಳೇ, ಈಗ ಪಂದ್ಯದ ಕಡೆಗೆ ಬರೋಣ. ಇದು ಒಂದು ದಿನದ ಜಾತ್ರೆಯಲ್ಲ. 2023ರ ಋತು ಮಾರ್ಚ್ ತಿಂಗಳಲ್ಲಿ ಪೋರ್ಚುಗಲ್‌ನಲ್ಲಿ ಆರಂಭವಾಗಿ ನವೆಂಬರ್ 26ರಂದು ಸ್ಪೇನಿನ ವೇಲೆನ್ಸಿಯದಲ್ಲಿ ಮುಗಿಯಿತು. ಒಟ್ಟು 20 ಊರುಗಳ ಪಂದ್ಯ. ಗಾಡಿ 1000 ಸಿ.ಸಿ.ಯದು, ಆ ವರ್ಷ ಇಟಲಿಯ ಮುಜೆಲ್ಲೊದಲ್ಲಿ ಗಂಟೆಗೆ 366 ಕಿಲೋಮೀಟರ್ ವೇಗವನ್ನು ಮುಟ್ಟಿದವರಿದ್ದರು. ಪ್ರತಿ ಪಂದ್ಯದ ಅಂಕ ಕೂಡಿಸಿ, ಕೊನೆಗೆ ಯಾರದು ಹೆಚ್ಚೋ ಅವನು ವಿಶ್ವ ಚಾಂಪಿಯನ್. ಆ ಸಲ ಇಟಲಿಯ ಫ್ರಾನ್ಸೆಸ್ಕೊ ಬಾನ್ಯಾಯಾ 467 ಅಂಕದಿಂದ ಗೆದ್ದ, ಮಾರ್ಟಿನ್‌ನಿಗೆ 428. ನಮ್ಮ ದೇಶದ ಪಂದ್ಯದಲ್ಲಿ ಬಾನ್ಯಾಯಾ ಬಿದ್ದು ಒಂದು ಅಂಕವನ್ನೂ ಪಡೆಯಲಿಲ್ಲವೆಂಬುದು ಬೇರೆ ಮಾತು.

ಆ ವರ್ಷ ಇನ್ನೊಂದು ಹೊಸ ಪದ್ಧತಿ ಬಂತು. ಅದುವರೆಗೆ ಒಂದು ಊರಿನಲ್ಲಿ ಭಾನುವಾರ ಒಂದೇ ಪಂದ್ಯ. 2023ರಿಂದ ಶನಿವಾರವೂ 'ಸ್ಪ್ರಿಂಟ್' ಎಂಬ ಅರ್ಧ ದೂರದ ಪಂದ್ಯವನ್ನು ಸೇರಿಸಿದರು. ಟಿಕೆಟು ಹೆಚ್ಚು ಮಾರಬೇಕು, ಟೀವಿಯವರಿಗೆ ಎರಡು ದಿನದ ಸರಕು ಬೇಕು. ಇದನ್ನು ಗೊತ್ತುಮಾಡುವಾಗ ಸವಾರರನ್ನು ಕೇಳಲೇ ಇಲ್ಲವೆಂದು ಅವರು ಬಹಿರಂಗವಾಗಿಯೇ ದೂರಿದರು. ಮೊದಲನೆಯ ಶನಿವಾರವೇ ಪೋರ್ಚುಗಲ್‌ನಲ್ಲಿ ಎನಿಯಾ ಬಾಸ್ಟಿಯಾನಿನಿ ಭುಜದ ಎಲುಬು ಮುರಿದುಕೊಂಡ. ನಮ್ಮ ದೇಶದ ಶನಿವಾರದ ಪಂದ್ಯದಲ್ಲಿ ಲೂಕಾ ಮರೀನಿಯ ಹೆಗಲ ಮೂಳೆ ಮುರಿಯಿತು. ಇದನ್ನು ಓದುವ ಹೋಟೆಲ್ ಕೆಲಸಗಾರನಿಗೆ ವಿವರಣೆ ಬೇಕಿಲ್ಲ. ಧಣಿಗಳು ಮದುವೆ ಸೀಸನಿನಲ್ಲಿ ಒಂದು ಮಾತೂ ಕೇಳದೆ ಹೇರುವ ಡಬ್ಬಲ್ ಡ್ಯೂಟಿಯೇ ಅದು. ಹೆಸರು ಮಾತ್ರ ಬೇರೆ.

ಹಾಗಾದರೆ ಕೋಟಿಗಟ್ಟಲೆ ಸಂಪಾದಿಸುವ ಸವಾರನೂ ನಾವೂ ಒಂದೇ ಎನ್ನುತ್ತೇವೆಯೇ? ಇಲ್ಲ. ಅವರ ಗಳಿಕೆಯೇ ಬೇರೆ, ನಮ್ಮ ಪಗಾರವೇ ಬೇರೆ. ಮುಕ್ಕಾಲು ಗಂಟೆಯೊಳಗೆ ಅವರ ಓಟ ಮುಗಿಯುತ್ತದೆ. ನಮ್ಮದು ಬೆಳಗಿನ ಐದಕ್ಕೆ ಶುರುವಾದರೆ ರಾತ್ರಿ ಹನ್ನೊಂದಾದರೂ ಮುಗಿಯದು. ಆದರೆ ಒಂದು ವಿಷಯವನ್ನು ಅವರಿಂದ ಕಲಿಯಲೇಬೇಕು. ಸೆಕೆಯೆಂಬುದು ಹಣೆಬರಹವಲ್ಲ, ಲೆಕ್ಕಕ್ಕೆ ತೆಗೆದುಕೊಳ್ಳಬಹುದಾದ ವಸ್ತು ಎಂಬುದನ್ನು ಅವರು ತಮ್ಮ ಒಡೆಯರಿಂದ ಒಪ್ಪಿಸಿದ್ದಾರೆ. ಅದನ್ನು ಅವರಿಗೆ ಯಾರೂ ದಾನವಾಗಿ ಕೊಡಲಿಲ್ಲ. ಹಿಂದಿನವರು ಪೆಟ್ಟು ತಿಂದು ದಾರಿ ಮಾಡಿಟ್ಟಿದ್ದರು. ಆ ಚರಿತ್ರೆಯನ್ನು ಕೇಳಿ.

1955ರಲ್ಲಿ ಈ ವಿಶ್ವ ಪಂದ್ಯಗಳ ಒಂದು ಕಂತು ಹಾಲೆಂಡಿನ ಆಸೆನ್ ಎಂಬ ಊರಿನಲ್ಲಿ ನಡೆಯಿತು. ಆ ಕಾಲದಲ್ಲಿ ಎರಡು ತರದ ಸವಾರರಿದ್ದರು. ಕಂಪನಿಯ ಗಾಡಿ, ಕಂಪನಿಯ ಪಗಾರ ಇದ್ದವರು ಕೆಲವರು. ಸ್ವಂತ ಗಾಡಿಯನ್ನು ವ್ಯಾನಿಗೆ ಹಾಕಿಕೊಂಡು, ಊರೂರು ತಿರುಗಿ, ಪಂದ್ಯದ ಬದಿಯಲ್ಲೇ ಮಲಗಿ, ಗ್ರೀಸು ತುಂಬಿದ ಕೈಯಲ್ಲೇ ಅನ್ನ ಉಣ್ಣುತ್ತಿದ್ದವರು ಬಹಳ ಮಂದಿ. ನಮ್ಮ ಗಿರಣಿಗಳ ಭಾಷೆಯಲ್ಲಿ ಹೇಳುವುದಾದರೆ ಮೊದಲಿನವರು ಖಾಯಂ, ಎರಡನೆಯವರು ಬದಲಿ. ಈ ಬದಲಿಗಳಿಗೆ ಪಂದ್ಯದ ವ್ಯವಸ್ಥಾಪಕರು ಓಟಕ್ಕೆ ನಿಲ್ಲುವುದಕ್ಕೆಂದು ಕೊಡುತ್ತಿದ್ದ ಹಣ ಪೆಟ್ರೋಲಿಗೂ ಸಾಲದು. ಜನ ಮಾತ್ರ ಟಿಕೆಟು ಕೊಂಡು ಕಿಕ್ಕಿರಿದು ಬರುತ್ತಿದ್ದರು.

ಆ ದಿನ 350 ಸಿ.ಸಿ. ಪಂದ್ಯದಲ್ಲಿ ಈ ಬದಲಿ ಸವಾರರು ಒಂದೇ ಒಂದು ಸುತ್ತನ್ನು ನಿಧಾನವಾಗಿ ಹೊಡೆದು, ಗಾಡಿ ನಿಲ್ಲಿಸಿ ಇಳಿದರು. ಅದು ಮುಷ್ಕರ. ಬಂಧುಗಳೇ, ಅಷ್ಟಕ್ಕೇ ನಿಂತಿದ್ದರೆ ಅವರನ್ನು ಓಡಿಸಿ ಬೇರೆಯವರನ್ನು ತರುತ್ತಿದ್ದರು. ಆದರೆ ಆಗ ವಿಶ್ವ ಚಾಂಪಿಯನ್ ಆಗಿದ್ದ ಜೆಫ್ ಡ್ಯೂಕ್, ಗಿಲೆರಾ ಕಂಪನಿಯ ಮುಖ್ಯ ಸವಾರ, ಮತ್ತು ಅವನ ಜೊತೆಗಾರ ರೆಜ್ ಆರ್ಮ್‌ಸ್ಟ್ರಾಂಗ್ ಆ ಬದಲಿಗಳ ಪರವಾಗಿ ನಿಂತರು. ಡ್ಯೂಕ್‌ನಿಗೆ ಹಣದ ಕೊರತೆ ಇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅವನಿಗೆ ಯಾವ ನಷ್ಟವೂ ಇರಲಿಲ್ಲ. ದೊಡ್ಡವರೇ ಸಣ್ಣವರ ಪಕ್ಕಕ್ಕೆ ಬಂದು ನಿಂತಾಗ ವ್ಯವಸ್ಥಾಪಕರು ಮಣಿಯಬೇಕಾಯಿತು.

ಒಡೆಯರು ಸುಮ್ಮನಾದರೇ? ಎಂದಾದರೂ ಆಗಿದ್ದುಂಟೇ? ತಿಂಗಳುಗಳು ಕಳೆದ ಮೇಲೆ ಅಂತರರಾಷ್ಟ್ರೀಯ ಒಕ್ಕೂಟ ಸಭೆ ಸೇರಿ ಡ್ಯೂಕ್, ಆರ್ಮ್‌ಸ್ಟ್ರಾಂಗ್ ಮತ್ತು ಆ ಬದಲಿ ಸವಾರರನ್ನು ಆರು ತಿಂಗಳು ಅಮಾನತು ಮಾಡಿತು. 1956ರ ಋತುವಿನ ಅರ್ಧ ಹಾಳಾಯಿತು. 1953, 1954, 1955 ಸಾಲಾಗಿ ಮೂರು ವರ್ಷ 500 ಸಿ.ಸಿ. ಪದವಿ ಗೆದ್ದಿದ್ದ ಡ್ಯೂಕ್ ಕೈಯಿಂದ ನಾಲ್ಕನೆಯದು ಜಾರಿತು; ಜಾನ್ ಸರ್ಟೀಸ್ ಚಾಂಪಿಯನ್ ಆದ. ಡ್ಯೂಕ್ ಮತ್ತೆ ಎಂದೂ ಆ ಪದವಿಯನ್ನು ಗೆಲ್ಲಲಿಲ್ಲ. ತನ್ನದಲ್ಲದ ಹೊಟ್ಟೆಗಾಗಿ ಅವನು ತನ್ನ ಕಿರೀಟವನ್ನು ತೆತ್ತ.

ಆದರೆ ಆ ದಾರಿ ಮುಚ್ಚಲಿಲ್ಲ. 1972ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಪಂದ್ಯದಲ್ಲಿ ಜಿಲ್ಬರ್ಟೊ ಪಾರ್ಲೊಟ್ಟಿ ಎಂಬ ಇಟಲಿಯ ಸವಾರ ಸತ್ತ. ಅವನ ಗೆಳೆಯ, ಆ ಕಾಲದ ಮಹಾ ಸವಾರ ಜಾಕೊಮೊ ಅಗೋಸ್ಟಿನಿ, ಇನ್ನು ಈ ದ್ವೀಪಕ್ಕೆ ಬರುವುದಿಲ್ಲವೆಂದ. ಒಬ್ಬೊಬ್ಬರಾಗಿ ದೊಡ್ಡ ಸವಾರರೆಲ್ಲ ದೂರ ಉಳಿದರು. ಎಷ್ಟು ಹಳೆಯ, ಎಷ್ಟು ಪ್ರತಿಷ್ಠೆಯ ಪಂದ್ಯವಾದರೇನು? 1976ರ ನಂತರ ಅದನ್ನು ವಿಶ್ವ ಪದವಿಯ ಪಟ್ಟಿಯಿಂದ ತೆಗೆಯಲೇಬೇಕಾಯಿತು. 1979ರಲ್ಲಿ ಬೆಲ್ಜಿಯಮ್‌ನ ಸ್ಪಾದಲ್ಲಿ ಹೊಸದಾಗಿ ಹಾಕಿದ ಡಾಂಬರು ಜಾರುತ್ತಿತ್ತು. ಮುಖ್ಯ ಸವಾರರೆಲ್ಲ ಓಡಲು ನಿರಾಕರಿಸಿದರು. 2003ರಲ್ಲಿ ಜಪಾನಿನ ಸುಜುಕಾದಲ್ಲಿ ಡೈಜಿರೊ ಕಾಟೊ ಗೋಡೆಗೆ ಬಡಿದು ಪ್ರಾಣ ಬಿಟ್ಟ; ಅಲ್ಲಿಂದ ಮುಂದೆ ಮೋಟೋಜಿಪಿ ಆ ಮೈದಾನಕ್ಕೆ ಹೋಗಲಿಲ್ಲ. ಈಗ ಪಂದ್ಯದ ಶುಕ್ರವಾರ ಸಂಜೆ ಸವಾರರು ವ್ಯವಸ್ಥಾಪಕರ ಎದುರು ಕುಳಿತು, ಈ ತಿರುವು ಸರಿಯಿಲ್ಲ, ಈ ಗೋಡೆ ಹತ್ತಿರವಾಯಿತು ಎಂದು ಮುಖಕ್ಕೆ ಮುಖ ಕೊಟ್ಟು ಹೇಳುವ ಸುರಕ್ಷತಾ ಸಭೆ ಇದೆ. ಅವರ ಎಲ್ಲ ಮಾತೂ ನಡೆಯುವುದಿಲ್ಲ. ಶನಿವಾರದ ಪಂದ್ಯವೇ ಅದಕ್ಕೆ ಸಾಕ್ಷಿ. ಆದರೂ ಹೇಳಲು ಒಂದು ಜಾಗವಿದೆ. ಮೂರು ಸುತ್ತು ಕಳೆದದ್ದು ಬರಿಯ ದಯೆಯಿಂದಲ್ಲ. ಅದರ ಹಿಂದೆ ಎಪ್ಪತ್ತು ವರ್ಷದ ಈ ಹಟವಿದೆ.

ನಮಗೆ ಅಂತಹ ಜಾಗ ಎಲ್ಲಿದೆ? ಯಾವ ಹೋಟೆಲಿನಲ್ಲಿ, ಯಾವ ಶುಕ್ರವಾರ ಸಂಜೆ, ಧಣಿ ಗಲ್ಲೆಯಿಂದ ಎದ್ದು ಬಂದು, "ಹೇಳಿ, ಅಡಿಗೆಮನೆಯಲ್ಲಿ ಏನು ತೊಂದರೆ?" ಎಂದು ಕೇಳಿದ್ದಾನೆ?

ಇಲ್ಲಿ ತಪ್ಪೆಲ್ಲ ಧಣಿಗಳದ್ದೇ ಎಂದರೆ ನಾವು ಸುಳ್ಳು ಹೇಳಿದಂತಾದೀತು. ನಮ್ಮ ಅಡಿಗೆಮನೆಯಲ್ಲಿಯೇ ಡ್ಯೂಕ್‌ಗಳು ಎಷ್ಟು ಮಂದಿ? ಮುಖ್ಯ ಭಟ್ಟರಿಗೆ ಒಂದು ಫ್ಯಾನು ಇದ್ದರೆ ಸಾಕು. ಪಾತ್ರೆ ತೊಳೆಯುವ ಹುಡುಗ ಬಿಸಿ ನೀರಿನ ಹಬೆಯಲ್ಲಿ ಬೆಂದರೂ ಅವರು ತಿರುಗಿ ನೋಡುವುದಿಲ್ಲ. ಸಪ್ಲಾಯರನಿಗೆ ಟಿಪ್ಸಿನ ಚಿಂತೆ. ಕ್ಲೀನರ್ ಹುಡುಗನಿಗೆ ತಾನೂ ಒಂದು ದಿನ ಸಪ್ಲಾಯರ್ ಆಗುವ ಆಸೆ. ಕಾವಲಿಯವನಿಗೂ ಭಟ್ಟಿಯವನಿಗೂ ಮಾತಿಲ್ಲ. ಕುಂದಾಪುರದವರು ಒಂದು ಕಡೆ, ಘಟ್ಟದ ಮೇಲಿನವರು ಒಂದು ಕಡೆ, ಬಿಹಾರದಿಂದ ಬಂದ ಹುಡುಗ ಯಾವ ಕಡೆಗೂ ಸೇರಿದವನಲ್ಲ. ಆಳಿಗೊಂದು ದಾರಿ ಹಿಡಿದರೆ ಧಣಿಗೆ ನಿದ್ದೆ ಚೆನ್ನಾಗಿ ಬರುತ್ತದೆ. ಮುಖ್ಯ ಭಟ್ಟರೇ, ನಿಮ್ಮ ಕೈರುಚಿಗೆ ಗಿರಾಕಿ ಬರುತ್ತಾನೆ. ನೀವು ಒಂದು ಹೊತ್ತು ಸೌಟು ಕೆಳಗಿಟ್ಟರೆ ಹೋಟೆಲು ನಿಲ್ಲುತ್ತದೆ. ಕ್ಲೀನರ್ ಹುಡುಗ ಬಾಯಿ ಬಿಟ್ಟರೆ ಅವನ ಕೆಲಸ ಹೋಗುತ್ತದೆ. ನೀವು ಬಿಟ್ಟರೆ ಮಾತುಕತೆ ಆರಂಭವಾಗುತ್ತದೆ. ಆಸೆನ್‌ನಲ್ಲಿ ಆದದ್ದೂ ಇಷ್ಟೇ.

ಇನ್ನು ಧಣಿಗಳ ವಾದಗಳು. ಮೊದಲನೆಯದು: ಒಲೆ ಎಂದ ಮೇಲೆ ಶಾಖ ಇದ್ದೇ ಇದೆ. ಇದೆ, ಒಪ್ಪಿದೆವು. ಗಾಡಿ ಎಂದ ಮೇಲೆ ವೇಗವೂ ಇದೆ, ಬೀಳುವುದೂ ಇದೆ. ಹಾಗೆಂದು ಅವರು ಗೋಡೆಗೆ ಗಾಳಿಯ ಮೆತ್ತೆ ಕಟ್ಟುವುದನ್ನು ಬಿಟ್ಟರೇ? ಬೆಂಕಿ ಆರಿಸಿರೆಂದು ನಾವು ಕೇಳುತ್ತಿಲ್ಲ. ಕೆಟ್ಟ ಫ್ಯಾನು ಸರಿ ಮಾಡಿಸಿ, ಭಟ್ಟಿಯ ಮುಂದಿನವನನ್ನು ಗಂಟೆಗೊಮ್ಮೆ ಬದಲಿಸಿ ಎನ್ನುತ್ತೇವೆ.

ಎರಡನೆಯದು: ಕಾಯ್ದೆಯಲ್ಲಿ ಇಲ್ಲ. ಇದಕ್ಕೆ ಸ್ವಲ್ಪ ವಿವರವಾಗಿ ಉತ್ತರ ಹೇಳಬೇಕು. 1948ರ ಕಾರ್ಖಾನೆ ಕಾಯ್ದೆಯ 13ನೇ ಕಲಮು ಕೆಲಸದ ಜಾಗದಲ್ಲಿ ಗಾಳಿಯಾಡಬೇಕು, ಉಷ್ಣತೆ ಆರೋಗ್ಯ ಕೆಡಿಸುವಷ್ಟು ಇರಬಾರದು ಎಂದು ಹೇಳಿತ್ತು. ಆದರೆ ಅದೇ ಕಾಯ್ದೆ, ಕಾರ್ಖಾನೆ ಎಂದರೇನು ಎಂದು ಹೇಳುವ ಎರಡನೇ ಕಲಮಿನಲ್ಲಿಯೇ, ಹೋಟೆಲು, ರೆಸ್ಟೋರೆಂಟು, ಊಟದ ಮನೆಗಳನ್ನು ಹೆಸರು ಹಿಡಿದು ಹೊರಗಿಟ್ಟಿತ್ತು. ಯೋಚಿಸಿ ನೋಡಿ. ಗಿರಣಿಯ ಬಾಗಿಲೊಳಗೆ ಸೆಕೆಗೆ ಒಂದು ಕಲಮು. ರಸ್ತೆಯಾಚೆ ಅದೇ ಗಿರಣಿಯವನಿಗೆ ಚಹಾ ಕಾಯಿಸುವವನ ಸೆಕೆಗೆ ಆ ಕಲಮು ಇಲ್ಲ. ಬೆಂಕಿಯ ಮುಂದೆ ನಿಂತವನನ್ನೇ ಬೆಂಕಿಯ ಕಲಮಿನಿಂದ ಹೊರಗಿಟ್ಟದ್ದು ಎಂತಹ ನ್ಯಾಯ? ಕಾಯ್ದೆಯಲ್ಲಿ ಇಲ್ಲದಿದ್ದರೆ ಬರೆಸಬೇಕು. ಇದ್ದ ಕಾಯ್ದೆಗಳೂ ಆಕಾಶದಿಂದ ಉದುರಿದವಲ್ಲ. ಈ ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಗಿರಣಿಯವರ ಸಂಘ ಕಟ್ಟಿ, ವಾರಕ್ಕೊಂದು ರಜೆ ಬೇಕೆಂದರು. ಆಗಲೂ ಮಾಲಿಕರು, ಹಾಗೆಲ್ಲ ಮಾಡಿದರೆ ಗಿರಣಿ ಮುಳುಗುತ್ತದೆಂದರು. 1890ರ ಜೂನ್ 10ರಂದು ಭಾನುವಾರದ ರಜೆಗೆ ಒಪ್ಪಿದರು. ಗಿರಣಿ ಮುಳುಗಲಿಲ್ಲ. ಆ ಭಾನುವಾರ ಇವತ್ತು ದೇಶಕ್ಕೆಲ್ಲ ರಜೆ; ಕಾಯ್ದೆಯಲ್ಲಿ ವಾರದ ರಜೆ ಬರೆದಿದ್ದರೂ, ಹೋಟೆಲಿನವನಿಗೆ ಮಾತ್ರ ಭಾನುವಾರ ಎಂದರೆ ದುಪ್ಪಟ್ಟು ಗಿರಾಕಿ.

ಮೂರನೆಯದು: ಸೆಕೆಯನ್ನು ಅಳೆಯುವುದು ಹೇಗೆ, ಎಲ್ಲರೂ ಸುಳ್ಳು ಹೇಳಿ ಕೆಲಸ ತಪ್ಪಿಸುತ್ತಾರೆ. ನಮ್ಮ ಗಿರಣಿಯ ಹಿರಿಯರು ಇದಕ್ಕೆ ನಗುತ್ತಾರೆ. ನೇಯ್ಗೆ ಖಾತೆಯಲ್ಲಿ ನೂಲು ಹರಿಯಬಾರದೆಂದು ಗಾಳಿಗೆ ತೇವ ಬಿಡುತ್ತಿದ್ದರು. ಆ ತೇವ, ಆ ಶಾಖ ಎಷ್ಟೆಂದು ನೋಡಲು ಗೋಡೆಗೆ ಮಾಪಕವಿತ್ತು. ನೂರು ವರ್ಷದ ಹಿಂದೆ ನೂಲಿಗೆ ಅಳೆಯಲು ಬಂದದ್ದು ಇವತ್ತು ಮನುಷ್ಯನಿಗೆ ಅಳೆಯಲು ಬಾರದೇ? ಒಂದು ಮಾಪಕದ ಬೆಲೆ ಎರಡು ಮಸಾಲೆ ದೋಸೆಗಿಂತ ಹೆಚ್ಚೇನಿಲ್ಲ.

ನಾಲ್ಕನೆಯದೊಂದು ವಾದ ಇದೆ. ಅದನ್ನು ಧಣಿಗಳಿಗಿಂತ ನಮ್ಮವರೇ ಹೆಚ್ಚು ಹೇಳುತ್ತಾರೆ: ಇಂತಹ ಪಂದ್ಯಗಳು ಬಂದರೆ ದೇಶಕ್ಕೆ ಹೆಸರು, ಹೋಟೆಲಿಗೆ ವ್ಯಾಪಾರ, ನಾಲ್ಕು ಜನಕ್ಕೆ ಕೆಲಸ, ಆಗ ತಕರಾರು ಎತ್ತಬಾರದು. ಹೆಸರು ಬರಲಿ, ಸಂತೋಷ. ಬಾನ್ಯಾಯಾ ಮೊಟ್ಟಮೊದಲ ವಿಶ್ವ ಪಂದ್ಯ ಗೆದ್ದದ್ದು 2016ರಲ್ಲಿ, ಅದೇ ಆಸೆನ್‌ನಲ್ಲಿ, ಮಹೀಂದ್ರ ಗಾಡಿಯ ಮೇಲೆ ಎಂದು ಕೇಳಿದರೆ ನಮಗೂ ಖುಷಿಯೇ. ಆದರೆ ನೆನಪಿರಲಿ: ಮಹೀಂದ್ರ ತಂಡ 2017ರ ಕೊನೆಗೆ ಆ ಕಣ ಬಿಟ್ಟಿತು. ನಮ್ಮ ದೇಶದಲ್ಲಿ ಏಳು ವರ್ಷ ನಡೆಯುತ್ತದೆಂದು 2022ರಲ್ಲಿ ಸಾರಿದ್ದ ಪಂದ್ಯ ಒಂದೇ ಸಲ ನಡೆಯಿತು. 2024ರ ಪಂದ್ಯ ರದ್ದಾಯಿತು, 2025ರಲ್ಲೂ ಬರಲಿಲ್ಲ. ಅದೇ ಮೈದಾನದಲ್ಲಿ 2011ರಿಂದ 2013ರ ತನಕ ಮೂರು ವರ್ಷ ಕಾರಿನ ಫಾರ್ಮುಲಾ ಒನ್ ನಡೆದು ನಿಂತದ್ದನ್ನೂ ಕಂಡಿದ್ದೇವೆ. ದೊಡ್ಡವರ ಆಟ ಬರುತ್ತದೆ, ಹೋಗುತ್ತದೆ. ಕಂಟೋನ್ಮೆಂಟಿನ ಭಟ್ಟಿ ಅಲ್ಲೇ ಇದೆ. ಅದರ ಮುಂದೆ ಯಾರೋ ಒಬ್ಬ ಹುಡುಗ ಈಗಲೂ ನಿಂತಿದ್ದಾನೆ. ಇರುವವರ ಕ್ಷೇಮವನ್ನು ಹೋಗುವವರ ಮೆರವಣಿಗೆಗಾಗಿ ಮುಂದೂಡಬಾರದು.

ಆ ಮೈದಾನಕ್ಕೆ ಬುದ್ಧನ ಹೆಸರು. ಬುದ್ಧ ಮೊದಲ ಉಪದೇಶ ಕೊಟ್ಟ ಸಾರನಾಥ ವಾರಾಣಸಿಯ ಕಂಟೋನ್ಮೆಂಟಿನಿಂದ ಕೆಲವೇ ಮೈಲಿ. ದುಃಖವಿದೆ, ದುಃಖಕ್ಕೆ ಕಾರಣವಿದೆ, ಅದನ್ನು ನಿವಾರಿಸಬಹುದು, ನಿವಾರಿಸುವ ದಾರಿ ಇದೆ ಎಂದು ಅಲ್ಲಿ ಅವನು ಹೇಳಿದ. ನಾವು ಧರ್ಮೋಪದೇಶಕ್ಕೆ ಕೂತವರಲ್ಲ, ಮಿಡಲ್ ಸ್ಕೂಲು ದಾಟದವರು. ಆದರೂ ಅಡಿಗೆ ಒಲೆಯ ಮುಂದಿನ ದುಃಖಕ್ಕೆ ಕಾರಣ ಯಾವುದು, ದಾರಿ ಯಾವುದು ಎಂದು ಹೇಳುವಷ್ಟು ನಮಗೆ ಗೊತ್ತು.

ಆದ್ದರಿಂದ ನಮ್ಮ ಸಂಘ ಹೋಟೆಲು ಮಾಲಿಕರ ಮುಂದೆ ಇಡಬೇಕಾದ ಬೇಡಿಕೆಗಳು ಇವು. ಪ್ರತಿ ಅಡಿಗೆಮನೆಯಲ್ಲಿ, ಒಲೆಯ ಹತ್ತಿರ, ತಲೆಯ ಎತ್ತರಕ್ಕೆ ಒಂದು ಉಷ್ಣಮಾಪಕ ಇರಬೇಕು. ದಿನಕ್ಕೆ ಮೂರು ಸಲ ಅದರ ಅಂಕಿಯನ್ನು ಪುಸ್ತಕದಲ್ಲಿ ಬರೆಯಬೇಕು. ಭಟ್ಟಿ, ಕಾವಲಿ, ಬಾಣಲೆಯ ಮುಂದೆ ಒಬ್ಬನೇ ಒಂದು ಗಂಟೆಗಿಂತ ಹೆಚ್ಚು ನಿಲ್ಲಬಾರದು, ಬದಲಿಗೆ ಇನ್ನೊಬ್ಬನಿರಬೇಕು. ಹೊಗೆಯ ಫ್ಯಾನು ಕೆಟ್ಟರೆ ಅದು ಸರಿಯಾಗುವ ತನಕ ಆ ಒಲೆ ಹಚ್ಚಬಾರದು. ಕುಡಿಯುವ ನೀರು, ಉಪ್ಪು ಹಾಕಿದ ಮಜ್ಜಿಗೆ ಬೇಕಾದಷ್ಟು ಸಿಗಬೇಕು. ಅದಕ್ಕೆ ಪಗಾರದಲ್ಲಿ ಮುರಿಯಬಾರದು. ಕುಸಿದು ಬಿದ್ದವನನ್ನು ಡಾಕ್ಟರಿಗೆ ತೋರಿಸಬೇಕು. ಅವನ ಆ ದಿನದ ಸಂಬಳ ಹೋಗಬಾರದು. ವಾರಕ್ಕೊಂದು ರಜೆ ಕಾಗದದಲ್ಲಿರುವಂತೆ ಕೈಗೂ ಬರಬೇಕು. ಇದನ್ನು ಕೇಳಿದವನನ್ನು ಮನೆಗೆ ಕಳಿಸಬಾರದು.

ಇದರಲ್ಲಿ ಯಾವುದು ಅತಿಯಾಯಿತು? ಯಾವುದರಿಂದ ಯಾವ ಹೋಟೆಲು ಬಾಗಿಲು ಹಾಕೀತು? ಧೈರ್ಯವಿದ್ದವರು ಈ ಪತ್ರಿಕೆಗೇ ಉತ್ತರ ಬರೆಯಲಿ. ಅಚ್ಚು ಹಾಕಲು ನಾವು ಸಿದ್ಧ.

ಅಲ್ಲಿಯ ತನಕ ನಾವು ಸುಮ್ಮನೆ ಕೂರುವುದು ಬೇಡ. ಮಾಪಕವನ್ನು ಧಣಿ ತರುವ ತನಕ ಕಾಯದೆ ನಾವೇ ತರೋಣ. ಒಂದು ಅಡಿಗೆಮನೆಯವರು ಸೇರಿ ಹತ್ತು ಹತ್ತು ರೂಪಾಯಿ ಹಾಕಿದರೆ ಒಂದು ಮಾಪಕ ಬರುತ್ತದೆ. ಮಧ್ಯಾಹ್ನದ ಊಟದ ಭರಾಟೆಯಲ್ಲಿ ಅದರ ಅಂಕಿ ನೋಡಿ, ತಾರೀಕು ಹಾಕಿ, ಒಂದು ಚೀಟಿಯಲ್ಲಿ ಬರೆದು ಸಂಘದ ಕಚೇರಿಗೆ ತಂದುಕೊಡಿ. ಬರೆಯಲು ಬಾರದವರು ಬಾಯಲ್ಲಿ ಹೇಳಿ, ನಾವು ಬರೆದುಕೊಳ್ಳುತ್ತೇವೆ. ಹೋಟೆಲಿನ ಹೆಸರು, ನಿಮ್ಮ ಹೆಸರು ಹೊರಗೆ ಬರುವುದಿಲ್ಲ. ಒಂದು ಬೇಸಿಗೆಯ ಚೀಟಿಗಳು ನಮ್ಮ ಮೇಜಿನ ಮೇಲೆ ಕೂಡಿದರೆ, ಸೆಕೆ ಎಂಬುದು ಹುಡುಗರ ನೆಪವಲ್ಲವೆಂದು ಯಾರ ಮುಂದೆ ಬೇಕಾದರೂ ಹೇಳಬಹುದು. ಗಿರಣಿಯಲ್ಲಿ ದುಡಿದ ಹಿರಿಯರೇ, ನಿಮಗೆ ಮಾಪಕ ನೋಡಿ ಗೊತ್ತು, ಸಭೆ ನಡೆಸಿ ಗೊತ್ತು, ಸೋತೂ ಗೊತ್ತು. ನೀವು ಕಚೇರಿಗೆ ಬಂದು ಕುಳಿತು ಈ ಹುಡುಗರ ಚೀಟಿಗಳನ್ನು ಲೆಕ್ಕಕ್ಕೆ ಹಚ್ಚಿ ಕೊಡಿ.

ಕಂಟೋನ್ಮೆಂಟಿನಿಂದ ಹೊರಡುವಾಗ ಆ ಬೈಂದೂರಿನ ಹುಡುಗ ಗೇಟಿನವರೆಗೂ ಬಂದ. "ಅಣ್ಣ, ಅವರಿಗೆ ಮೂರು ಸುತ್ತು ಬಿಟ್ರಲ್ಲ, ನಮಗೆ ಒಂದಾದ್ರೂ ಬಿಡ್ತಾರಾ?" ಎಂದು ಕೇಳಿದ. ಆಗ ನಮಗೆ ಉತ್ತರ ಹೊಳೆಯಲಿಲ್ಲ. ರೈಲಿಗೆ ಹೊತ್ತಾಯಿತೆಂದು ಹೇಳಿ ಬಂದುಬಿಟ್ಟೆವು. ಈಗ ಹೇಳುತ್ತೇವೆ. ತಾವಾಗಿ ಬಿಡುವುದಿಲ್ಲ, ತಮ್ಮಾ. ಅವರಿಗೂ ತಾವಾಗಿ ಬಿಟ್ಟದ್ದಲ್ಲ. ನೀನು, ಭಟ್ಟಿಯ ಮುಂದಿನ ಆ ಹುಡುಗ, ನಿಮ್ಮ ಮುಖ್ಯ ಭಟ್ಟರು, ಮೂವರೂ ಒಂದೇ ದಿನ ಒಂದೇ ಮಾತು ಹೇಳಿ ನೋಡಿ. ಮೊದಲನೆಯ ಸುತ್ತು ಅಲ್ಲಿಂದ ಕಡಿಮೆಯಾಗುತ್ತದೆ.